ನಗು, ಹೊಡೆದಾಟ, ಬೆರಗು: ಮೊದಲ ವಾರದ ತೀರ್ಪುಗಳ ಕಥೆ

ಚಲನಚಿತ್ರವೊಂದು ಶುಕ್ರವಾರ ತೆರೆ ಕಂಡರೆ ಸೋಮವಾರದ ಹೊತ್ತಿಗೆ ಅದರ ಹಣೆಬರಹ ಬರೆದು ಮುಗಿದಿರುತ್ತದೆ. ಬೆಂಗಳೂರಿನ ಗಾಂಧಿನಗರದಲ್ಲಾಗಲಿ, ಮುಂಬೈಯಲ್ಲಾಗಲಿ, ಹಾಲಿವುಡ್ಡಿನಲ್ಲಾಗಲಿ ಈ ಮಾತಿಗೆ ಅಪವಾದ ಕಡಿಮೆ. ಅದರಲ್ಲೂ ಹೊಡೆದಾಟದ ಚಿತ್ರ, ವಿಜ್ಞಾನ ಕಲ್ಪನೆಯ ಚಿತ್ರ, ಹಾಸ್ಯಚಿತ್ರ ಈ ಮೂರರ ಬಗ್ಗೆ ತೀರ್ಪು ಕೊಡುವುದಕ್ಕೆ ಯಾರೂ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ‘ಟೈಂಪಾಸ್’ ಎಂದೋ ‘ತೋಪು’ ಎಂದೋ ಒಂದೇ ಪದದಲ್ಲಿ ಮಾತು ಮುಗಿಯುತ್ತದೆ. ಗಂಭೀರ ಚಿತ್ರಕ್ಕೆ ಸಿಗುವ ಎರಡನೆಯ ಓದು ಇವುಗಳಿಗೆ ಸಿಗುವುದು ಅಪರೂಪ.

ಹೀಗೇಕೆ ಎಂದು ಕೇಳಿದರೆ, ಇವು ಹಗುರವಾದ ಚಿತ್ರಗಳು ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ನಮ್ಮ ಪರಂಪರೆ ಹಾಗೆ ಹೇಳುವುದಿಲ್ಲ. ಭರತನ ನಾಟ್ಯಶಾಸ್ತ್ರ ಹೆಸರಿಸುವ ಎಂಟು ರಸಗಳಲ್ಲಿ ಹಾಸ್ಯ, ವೀರ, ಅದ್ಭುತ ಮೂರೂ ಇವೆ. ಶೃಂಗಾರದಿಂದ ಹಾಸ್ಯವೂ ವೀರದಿಂದ ಅದ್ಭುತವೂ ಹುಟ್ಟುತ್ತವೆ ಎಂದು ಅಲ್ಲಿ ಹೇಳಿದೆ. ಇವು ಕರುಣಕ್ಕಿಂತ ಕೆಳಗಿನ ಸಾಲಿನಲ್ಲಿ ಕೂರಬೇಕು ಎಂದು ಭರತ ಎಲ್ಲಿಯೂ ವಿಧಿಸಿಲ್ಲ. ನಮ್ಮ ಯಕ್ಷಗಾನ ಬಯಲಾಟದಲ್ಲಿ ಹಾಸ್ಯಗಾರನಿಲ್ಲದೆ ಆಟ ಕಳೆಗಟ್ಟುವುದಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತು. ಹಾಗಿದ್ದೂ ಸಿನಿಮಾ ಎಂಬ ಹೊಸ ಕಲೆ ಬಂದಾಗ ನಗಿಸುವವನು, ಹಾರುವವನು, ಬೆರಗುಗೊಳಿಸುವವನು ಕೆಳಗಿನ ದರ್ಜೆಯ ಕಲಾವಿದರಾದರು. ಈ ತಾರತಮ್ಯದಿಂದ ಏನೇನು ಕಳೆದುಹೋಯಿತು, ಯಾರ್‍ಯಾರು ಬೆಲೆ ತೆತ್ತರು ಎಂಬುದನ್ನು ತಿಳಿಯಲು ಸಿನಿಮಾದ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು.

ಚಂದ್ರಯಾನ ಮಾಡಿದವನ ಆಟಿಕೆ ಅಂಗಡಿ

ವಿಜ್ಞಾನ ಕಲ್ಪನೆಯ ಚಿತ್ರಗಳ ಮೂಲಪುರುಷ ಫ್ರಾನ್ಸಿನ ಜಾರ್ಜ್ ಮೆಲಿಯೆ. ಮೂಲತಃ ಜಾದೂಗಾರ. 1902ರಲ್ಲಿ ಆತ ತೆಗೆದ ‘ಚಂದ್ರಯಾನ’ ಚಿತ್ರದಲ್ಲಿ ರಾಕೆಟ್ಟು ನೇರವಾಗಿ ಚಂದ್ರನ ಕಣ್ಣಿಗೆ ಚುಚ್ಚಿಕೊಳ್ಳುತ್ತದೆ. ಸಿನಿಮಾ ಚರಿತ್ರೆಯ ಯಾವ ಪುಸ್ತಕ ತೆರೆದರೂ ಆ ಚಿತ್ರ ಇಂದು ಕಾಣಸಿಗುತ್ತದೆ. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಜನರ ರುಚಿ ಬದಲಾಗಿ, ಮೆಲಿಯೆಯ ಮಾಟ ಹಳಸಿತೆಂಬ ಅಭಿಪ್ರಾಯ ಬಲವಾಯಿತು. ಆತ ಸಾಲದಲ್ಲಿ ಮುಳುಗಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಅವನ ಚಿತ್ರಗಳ ರೀಲುಗಳನ್ನು ಕರಗಿಸಿ ಸೈನಿಕರ ಬೂಟಿನ ಹಿಮ್ಮಡಿಗೆ ಬಳಸಿದರು ಎನ್ನುತ್ತಾರೆ. 1923ರಲ್ಲಿ ಉಳಿದ ನೆಗೆಟಿವ್‌ಗಳಿಗೆ ಆತನೇ ಬೆಂಕಿಯಿಟ್ಟ. ಆಮೇಲೆ ಪ್ಯಾರಿಸ್ಸಿನ ಮಾಂಪರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ, ಮಿಠಾಯಿ ಮಾರುತ್ತ ಕುಳಿತ. ಐನೂರಕ್ಕೂ ಹೆಚ್ಚು ಚಿತ್ರ ತೆಗೆದವನ ಸುಮಾರು ಇನ್ನೂರು ಚಿತ್ರಗಳು ಮಾತ್ರ ಉಳಿದವು. ‘ಚಂದ್ರಯಾನ’ದ ಬಣ್ಣ ಹಚ್ಚಿದ ಪ್ರತಿಯೊಂದು ಬಾರ್ಸಿಲೋನಾದಲ್ಲಿ ಸಿಕ್ಕಿದ್ದು 1993ರಲ್ಲಿ, ಅದನ್ನು ಸರಿಪಡಿಸಿ ತೋರಿಸಲು ಸಾಧ್ಯವಾದದ್ದು 2011ರಲ್ಲಿ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. ಪುಸ್ತಕವೊಂದನ್ನು ಓದುಗರು ಮೆಚ್ಚದಿದ್ದರೂ ಅದು ಯಾವುದಾದರೂ ಗ್ರಂಥಾಲಯದ ಕಪಾಟಿನಲ್ಲಿ ನೂರು ವರ್ಷ ಕಾಯಬಲ್ಲದು. ಸಿನಿಮಾ ಹಾಗಲ್ಲ. 1950ರ ದಶಕದ ಆರಂಭದವರೆಗೂ ವೃತ್ತಿಪರ ಚಿತ್ರಗಳಿಗೆ ಬಳಸುತ್ತಿದ್ದುದು ನೈಟ್ರೇಟ್ ಫಿಲ್ಮು. ಅದು ಬೇಗ ಹೊತ್ತಿಕೊಳ್ಳುವ, ತಾನಾಗಿಯೇ ಕೊಳೆಯುವ ವಸ್ತು. ಕಾಪಾಡುವುದು ಖರ್ಚಿನ ಬಾಬತ್ತು. ಅದರಲ್ಲಿದ್ದ ಬೆಳ್ಳಿಯನ್ನು ತೆಗೆದು ಮಾರಿದರೆ ನಾಲ್ಕು ಕಾಸು. ಆದ್ದರಿಂದ ‘ಈ ಚಿತ್ರ ಉಳಿಸಲು ಯೋಗ್ಯವಲ್ಲ’ ಎಂಬ ಅಭಿಪ್ರಾಯ ಬರಿಯ ಅಭಿಪ್ರಾಯವಾಗಿ ಉಳಿಯುತ್ತಿರಲಿಲ್ಲ, ಅದೇ ಮರಣಶಾಸನವಾಗುತ್ತಿತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ ತಯಾರಾದ ಸುಮಾರು 10,900 ಪೂರ್ಣ ಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ.

ನದಿಗೆ ಬಿದ್ದ ರೈಲು

ಹಾಸ್ಯ ಮತ್ತು ಸಾಹಸ ಎರಡನ್ನೂ ಒಂದೇ ಬಂಡಿಗೆ ಹೂಡಿದ ಚಿತ್ರವೆಂದರೆ ಬಸ್ಟರ್ ಕೀಟನ್ನನ ‘ದಿ ಜನರಲ್’. ಅಮೆರಿಕದ ಅಂತರ್ಯುದ್ಧದ ವೇಳೆ, 1862ರಲ್ಲಿ ನಡೆದ ರೈಲು ಅಪಹರಣದ ನಿಜಘಟನೆ ಇದರ ಮೂಲ. ಕೀಟನ್ ಮುಖದಲ್ಲಿ ನಗೆಯ ಸುಳಿವೇ ಇರದು. ಓಡುವ ರೈಲಿನ ಮೇಲೆ ಆತ ಮಾಡುವ ಕಸರತ್ತುಗಳನ್ನು ಕಂಡು ನೋಡುಗ ನಗಬೇಕೋ ಉಸಿರು ಬಿಗಿಹಿಡಿಯಬೇಕೋ ತಿಳಿಯದೆ ಕೂರುತ್ತಾನೆ. 1926ರಲ್ಲಿ ಆರೆಗಾನ್ ರಾಜ್ಯದಲ್ಲಿ ಚಿತ್ರೀಕರಣ ನಡೆದಾಗ ಉರಿಯುವ ಸೇತುವೆಯ ಮೇಲಿಂದ ನಿಜವಾದ ರೈಲು ಎಂಜಿನ್ನನ್ನೇ ನದಿಗೆ ಬೀಳಿಸಲಾಯಿತು. ಮೂಕಿ ಯುಗದ ಅತಿ ದುಬಾರಿ ದೃಶ್ಯ ಅದೆಂದು ಹೆಸರಾಗಿದೆ. ಎಂಜಿನ್ನು ಹಲವು ವರ್ಷ ಆ ನದಿಯಲ್ಲಿಯೇ ಬಿದ್ದಿತ್ತು.

1927ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರ ತೆರೆ ಕಂಡಾಗ ಪತ್ರಿಕೆಗಳ ಪ್ರತಿಕ್ರಿಯೆ ತಣ್ಣಗಿತ್ತು. ಕೀಟನ್ನನ ಹಳೆಯ ಚಿತ್ರಗಳಷ್ಟು ನಗು ಇಲ್ಲ, ಯುದ್ಧದ ಸಾವುನೋವಿನ ನಡುವೆ ತಮಾಷೆ ಸಲ್ಲದು ಎಂಬ ಆಕ್ಷೇಪಗಳು ಬಂದವು. ಖರ್ಚಿಗೆ ತಕ್ಕ ಗಳಿಕೆ ಆಗಲಿಲ್ಲ. ಮರುವರ್ಷ, 1928ರಲ್ಲಿ, ಕೀಟನ್ ತನ್ನ ಸ್ವಂತ ಘಟಕವನ್ನು ಬಿಟ್ಟು ಎಂಜಿಎಂ ಕಂಪೆನಿಯ ನೌಕರಿಗೆ ಸೇರಬೇಕಾಯಿತು. ಕಥೆ, ಸಂಕಲನ, ಸಾಹಸ ಎಲ್ಲವನ್ನೂ ತಾನೇ ನಿರ್ಧರಿಸುತ್ತಿದ್ದವನು ಬೇರೆಯವರು ಬರೆದ ಮಾತು ಒಪ್ಪಿಸುವ ನಟನಾದ. ಕುಡಿತ, ಸಂಸಾರದ ಒಡಕು ಎಲ್ಲ ಒಟ್ಟಿಗೆ ಬಂದವು. ಮುಂದೆ ಆತನ ಹಳೆಯ ಮನೆಯನ್ನು ಕೊಂಡ ನಟ ಜೇಮ್ಸ್ ಮೇಸನ್‌ಗೆ 1950ರ ದಶಕದಲ್ಲಿ ಅಲ್ಲಿ ಕೀಟನ್ ಚಿತ್ರಗಳ ಡಬ್ಬಗಳು ದೊರೆತವು. ಅವು ಸಿಗದೆ ಹೋಗಿದ್ದರೆ ಇನ್ನೆಷ್ಟು ಕಳೆದುಹೋಗುತ್ತಿತ್ತೋ!

1965ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರು ಎದ್ದು ನಿಂತು ಕೀಟನ್‌ಗೆ ಚಪ್ಪಾಳೆ ತಟ್ಟಿದರು. ಕೆಲವೇ ತಿಂಗಳಲ್ಲಿ, 1966ರ ಫೆಬ್ರವರಿ 1ರಂದು, ಆತ ತೀರಿಕೊಂಡ. 1972ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ವಿಮರ್ಶಕರಿಂದ ಮತ ಸಂಗ್ರಹಿಸಿದಾಗ ‘ದಿ ಜನರಲ್’ ಸಾರ್ವಕಾಲಿಕ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿಗೆ ಸೇರಿತು. ತೀರ್ಪು ತಿದ್ದುಪಡಿಯಾಗಲು ನಲವತ್ತೈದು ವರ್ಷ ಹಿಡಿಯಿತು. ಕಳೆದುಹೋದ ಆ ವರ್ಷಗಳಲ್ಲಿ ಕೀಟನ್ ತೆಗೆಯಬಹುದಾಗಿದ್ದ ಚಿತ್ರಗಳನ್ನು ಮಾತ್ರ ಯಾವ ತಿದ್ದುಪಡಿಯೂ ಮರಳಿ ತರಲಾರದು.

ಅರ್ಧ ನಿಜವಾಗಿದ್ದ ಟೀಕೆ

ಅದೇ 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಫ್ರಿಟ್ಸ್ ಲಾಂಗ್ ನಿರ್ದೇಶನದ ‘ಮೆಟ್ರೊಪೊಲಿಸ್’ ಬಿಡುಗಡೆಯಾಯಿತು. ಆಕಾಶಕ್ಕೆ ಮುಟ್ಟುವ ಕಟ್ಟಡಗಳಲ್ಲಿ ಒಡೆಯರು, ನೆಲದಡಿಯಲ್ಲಿ ಯಂತ್ರಗಳಿಗೆ ಅಂಟಿಕೊಂಡ ಕೂಲಿಗಳು, ನಡುವೆ ಹೆಣ್ಣಿನ ರೂಪದ ಯಂತ್ರಮಾನವಿ. ಯೂರೋಪಿನ ಅತಿ ದುಬಾರಿ ಮೂಕಿಗಳಲ್ಲಿ ಒಂದಾದ ಈ ಚಿತ್ರ ತಯಾರಕರಾದ ಊಫಾ ಕಂಪೆನಿಯನ್ನು ದಿವಾಳಿಯ ಅಂಚಿಗೆ ತಂದಿತು. ವಿಜ್ಞಾನ ಕಾದಂಬರಿಗಳ ಪಿತಾಮಹರಲ್ಲಿ ಒಬ್ಬರಾದ ಎಚ್.ಜಿ. ವೆಲ್ಸ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಇದನ್ನು ಹಿಗ್ಗಾಮುಗ್ಗಾ ಝಾಡಿಸಿ, ಇಷ್ಟು ಪೆದ್ದು ಚಿತ್ರ ಇನ್ನೊಂದಿರಲಾರದು ಎಂಬರ್ಥದಲ್ಲಿ ಬರೆದರು. ಯಂತ್ರಗಳು ಬಂದರೆ ಕೂಲಿಗಳ ದುಡಿತ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ ಎಂಬುದು ಅವರ ಮುಖ್ಯ ವಾದ.

ವೆಲ್ಸ್ ಹೇಳಿದ್ದು ಪೂರ್ತಿ ತಪ್ಪೆನ್ನುವಂತಿಲ್ಲ. ಮಾಲಿಕನಿಗೂ ಕೂಲಿಗೂ ನಡುವೆ ಹೃದಯವೇ ಸಂಧಾನಕಾರ ಎಂಬ ಚಿತ್ರದ ನೀತಿಪಾಠ ಬಾಲಿಶವೇ. ಮುಂದೆ ಲಾಂಗ್ ಸ್ವತಃ ಅದನ್ನು ಮೆಚ್ಚಲಿಲ್ಲ. ಆದರೆ ವೆಲ್ಸ್ ಚಿತ್ರದ ವಾದವನ್ನು ಓದಿದರು, ಚಿತ್ರವನ್ನು ನೋಡಲಿಲ್ಲ. ಗಡಿಯಾರದ ಮುಳ್ಳುಗಳಂಥ ಕೈಗಳೊಡನೆ ಸೆಣಸುವ ಕೂಲಿಯ ಬಿಂಬ, ಪಾಳಿ ಬದಲಾಗುವಾಗ ತಲೆ ತಗ್ಗಿಸಿ ಸಾಗುವ ಸಾಲು ಇವು ಹೇಳಿದ ಮಾತನ್ನು ಯಾವ ಪ್ರಬಂಧವೂ ಹೇಳಿರಲಿಲ್ಲ.

ಅಷ್ಟರಲ್ಲಿ ಕತ್ತರಿ ಕೆಲಸ ಮಾಡಿಯಾಗಿತ್ತು. ಅಮೆರಿಕಕ್ಕೆಂದು ಚಿತ್ರವನ್ನು ಸಾಕಷ್ಟು ಕತ್ತರಿಸಿ ಹೊಸದಾಗಿ ಹೊಲಿದರು, ಜರ್ಮನಿಯಲ್ಲಿಯೂ ಮೊಟಕುಗೊಳಿಸಿದರು. ಪೂರ್ಣಪ್ರತಿ ಎಲ್ಲಿಯೂ ಇಲ್ಲವೆಂದು ಎಂಬತ್ತು ವರ್ಷ ಜಗತ್ತು ನಂಬಿತು. ಆದರೆ ಕತ್ತರಿ ತಾಕದ ಒಂದು ಪ್ರತಿ ಅರ್ಜೆಂಟೀನಾಕ್ಕೆ ಹೋಗಿತ್ತು. ಅಲ್ಲಿನ ಚಿತ್ರವಿಮರ್ಶಕ ಮಾನ್ಯುಯೆಲ್ ಪೆನ್ಯ ರೊಡ್ರಿಗೆಸ್ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದ್ದ. ವರ್ಷಗಳ ನಂತರ ಬ್ಯೂನಸ್ ಐರಿಸ್‌ನ ಫಿಲ್ಮ್ ಸೊಸೈಟಿಯೊಂದರಲ್ಲಿ ಆ ಪ್ರತಿಯನ್ನು ತೋರಿಸಿದಾಗ, ಕುಗ್ಗಿದ ರೀಲು ಪ್ರೊಜೆಕ್ಟರಿನಲ್ಲಿ ನಿಲ್ಲದೆ ಎರಡು ಗಂಟೆಗೂ ಹೆಚ್ಚು ಕಾಲ ಬೆರಳಿನಿಂದ ಒತ್ತಿ ಹಿಡಿಯಬೇಕಾಯಿತಂತೆ. ಈ ಮಾತು ಕೇಳಿದ ಚಿತ್ರ ಇತಿಹಾಸಕಾರ ಫೆರ್ನಾಂಡೊ ಪೆನ್ಯ ಬೆಚ್ಚಿದ. ಜಗತ್ತಿನಲ್ಲಿ ಉಳಿದ ‘ಮೆಟ್ರೊಪೊಲಿಸ್’ ಅಷ್ಟು ಉದ್ದವೇ ಇರಲಿಲ್ಲವಲ್ಲ! ಹುಡುಕಾಟ ಫಲಿಸಿದ್ದು 2008ರಲ್ಲಿ, ಅದೇ ನಗರದ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ. ಕಳೆದುಹೋಗಿದ್ದ ಸುಮಾರು 25 ನಿಮಿಷಗಳ ಭಾಗವನ್ನು ಸೇರಿಸಿ 2010ರ ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಒಬ್ಬ ಬರಹಗಾರನ ಟೀಕೆ ಕುಂದಿಸಿದ್ದ ಚಿತ್ರ ಉಳಿದದ್ದು ಇನ್ನೊಬ್ಬ ವಿಮರ್ಶಕನ ಪ್ರೀತಿಯಿಂದ.

ಚಾಟಿ ಹಿಡಿದವಳು, ಬಂಡೆಗಳ ನಡುವಿನ ಕೆಂಡ

ನಮ್ಮ ದೇಶದ ಕಥೆಯೇನೂ ಬೇರೆಯಲ್ಲ. 1935ರಲ್ಲಿ ಮುಂಬೈಯ ವಾಡಿಯಾ ಮೂವಿಟೋನ್ ‘ಹಂಟರ್‌ವಾಲಿ’ ತಯಾರಿಸಿತು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ನಾಡಿಯಾ ಕುದುರೆಯೇರಿ, ಚಾಟಿ ಬೀಸಿ, ಗಂಡಸರನ್ನು ಎತ್ತಿ ಒಗೆಯುವ ಚಿತ್ರ. ಹಂಚಿಕೆದಾರರು ಹತ್ತಿರ ಸುಳಿಯಲಿಲ್ಲ. ಭಾರತೀಯ ನಾರಿಯನ್ನು ಹೀಗೆ ತೋರಿಸಿದರೆ ಯಾರು ನೋಡುತ್ತಾರೆ ಎಂಬ ಅಳುಕು. ಕೊನೆಗೆ ವಾಡಿಯಾ ಸೋದರರು ತಾವೇ ಬಿಡುಗಡೆ ಮಾಡಿದರು. ಚಿತ್ರ 25 ವಾರ ಮೀರಿ ಓಡಿತು. ಹಾಗಿದ್ದೂ ‘ಸ್ಟಂಟ್ ಪಿಕ್ಚರ್’ ಎಂಬ ಮುದ್ರೆ ಅಳಿಯಲಿಲ್ಲ. ಸಭ್ಯರು ನೋಡುವ ಸಾಮಾಜಿಕ ಚಿತ್ರಗಳು ಬೇರೆ, ಗಿರಣಿ ಕೂಲಿಗಳು ಸಿಳ್ಳೆ ಹೊಡೆಯುವ ಚಿತ್ರಗಳು ಬೇರೆ ಎಂಬ ಗೆರೆ ಬಿತ್ತು. ನಾಡಿಯಾ ಮತ್ತೆ ಗಂಭೀರ ಚರ್ಚೆಗೆ ಬಂದದ್ದು 1993ರಲ್ಲಿ, ಆಕೆಯ ಬಗ್ಗೆ ವಾಡಿಯಾ ಮನೆತನದ ರಿಯಾದ್ ವಾಡಿಯಾ ಸಾಕ್ಷ್ಯಚಿತ್ರ ತೆಗೆದ ಮೇಲೆ.

ಇನ್ನು ‘ಶೋಲೆ’ಯ ಮಾತು. ಅದು ಮುಂಬೈಯ ಚಿತ್ರವಾದರೂ ಅದರ ಮಣ್ಣು ನಮ್ಮದು. 1973ರ ಅಕ್ಟೋಬರಿನಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ರಾಮನಗರದ ಬಂಡೆಗಳ ನಡುವೆ ನಿರ್ದೇಶಕ ರಮೇಶ್ ಸಿಪ್ಪಿ ರಾಮಗಢವೆಂಬ ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದರು. 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾದಾಗ ಪತ್ರಿಕೆಗಳು ಮೆಚ್ಚಲಿಲ್ಲ. ಹೆಸರಿನ ಅರ್ಥವೇ ಕೆಂಡಗಳು. ಇದು ಆರಿದ ಕೆಂಡ ಎಂದು ವಿಮರ್ಶಕರೊಬ್ಬರು ಚುಚ್ಚಿದರು. ಗಾಬರಿಗೊಂಡ ತಯಾರಕರು ಕೊನೆಯನ್ನು ಬದಲಿಸಿ, ಸಾಯುವ ನಾಯಕನನ್ನು ಬದುಕಿಸುವ ಯೋಚನೆಯನ್ನೂ ಮಾಡಿದರು. ಇನ್ನೆರಡು ದಿನ ಕಾದು ನೋಡೋಣ ಎಂದು ಸಿಪ್ಪಿ ತಡೆದದ್ದರಿಂದ ಚಿತ್ರ ಉಳಿಯಿತು. ಆಮೇಲೆ ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಅದು ಐದು ವರ್ಷ ಓಡಿತು. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಅದಕ್ಕೆ ಸಿಕ್ಕಿದ್ದು ಸಂಕಲನಕ್ಕೆ ಒಂದೇ ಒಂದು. ಅದೇ ಪತ್ರಿಕೆ 2005ರಲ್ಲಿ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರವೆಂದು ‘ಶೋಲೆ’ಯನ್ನೇ ಆರಿಸಿತು!

ಠಾಕೂರ್ ತನ್ನ ಕಾಲಿನಿಂದಲೇ ಗಬ್ಬರನನ್ನು ಕೊಲ್ಲುವ ಮೂಲ ಅಂತ್ಯವನ್ನು ತುರ್ತು ಪರಿಸ್ಥಿತಿಯ ಕಾಲದ ಸೆನ್ಸಾರ್ ಒಪ್ಪಿರಲಿಲ್ಲ. ಆ ಅಂತ್ಯವಿರುವ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸಂಸ್ಥೆಯು ಪುನರುದ್ಧಾರ ಮಾಡಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿತು. ಆ ವೇಳೆಗೆ ಚಿತ್ರದ ಮೂಲ ನೆಗೆಟಿವ್ ಹಾಳಾಗಿತ್ತು. ಉಳಿದ ಇತರ ಪ್ರತಿಗಳನ್ನು ಹುಡುಕಿ ಕೂಡಿಸಬೇಕಾಯಿತು. ಇಡೀ ದೇಶವೇ ಬಾಯಿಪಾಠ ಮಾಡಿದ ಚಿತ್ರದ ಗತಿಯೇ ಹೀಗಾದರೆ, ಒಂದೇ ವಾರ ಓಡಿದ ಚಿತ್ರಗಳ ಪಾಡು ಏನಾಗಿರಬೇಕು?

ಕನ್ನಡದ್ದೂ ಈ ದುಃಖದಲ್ಲಿ ಪಾಲಿದೆ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಇಂದು ನೋಡಲು ಸಿಗುವುದಿಲ್ಲ. 1968ರ ‘ಜೇಡರ ಬಲೆ’ಯಲ್ಲಿ ದೊರೈ-ಭಗವಾನ್ ಜೋಡಿ ರಾಜಕುಮಾರರನ್ನು ಗೂಢಚಾರ ಸಿ.ಐ.ಡಿ. 999 ಮಾಡಿತು, ಅದೊಂದು ಮಾಲೆಯಾಗಿಯೇ ಬೆಳೆಯಿತು. ಆದರೆ ಎರಡು ವರ್ಷದಲ್ಲಿ ‘ಸಂಸ್ಕಾರ’ ಬಂದು ಹೊಸ ಅಲೆ ಎದ್ದ ಮೇಲೆ ಬುದ್ಧಿವಂತರ ಚರ್ಚೆಯೆಲ್ಲ ಅತ್ತ ಹರಿಯಿತು. ಹೊಸ ಅಲೆಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ನಮ್ಮ ಬಾಂಡ್ ಚಿತ್ರಗಳ ಸಾಹಸ ಯಾರು ಸಂಯೋಜಿಸಿದರು, ನರಸಿಂಹರಾಜು ತಮ್ಮ ನಗೆಯ ಗತಿಯನ್ನು ಹೇಗೆ ಕಟ್ಟುತ್ತಿದ್ದರು ಎಂಬ ಪ್ರಶ್ನೆಗಳನ್ನು ಅಷ್ಟೇ ಆಸ್ಥೆಯಿಂದ ಕೇಳಿದವರು ಕಡಿಮೆ. 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲಿಯೇ ಚಿತ್ರಿಸಿದ, ಮಾತೇ ಇಲ್ಲದ ‘ಪುಷ್ಪಕ ವಿಮಾನ’ ಹಾಸ್ಯವೂ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂದು ತೋರಿಸಿತು.

ಎಡವಿದ್ದು ಎಲ್ಲಿ?

ಅಭಿಪ್ರಾಯವು ಚಿತ್ರವನ್ನೇ ಬದಲಿಸಿದ ಇನ್ನೊಂದು ನಿದರ್ಶನ ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’. 1982ರ ಮೊದಲಲ್ಲಿ ಪರೀಕ್ಷಾರ್ಥ ಪ್ರದರ್ಶನ ನೋಡಿದವರು ಅರ್ಥವಾಗಲಿಲ್ಲ ಎಂದದ್ದಕ್ಕೆ ಕಂಪೆನಿ ನಾಯಕನ ಧ್ವನಿಯಲ್ಲಿ ವಿವರಣೆಯನ್ನೂ ಸುಖಾಂತ್ಯವನ್ನೂ ಅಂಟಿಸಿತು. ಜೂನ್ 25ರಂದು ಬಿಡುಗಡೆಯಾದಾಗ ಎರಡು ವಾರ ಮೊದಲು ಬಂದಿದ್ದ ಸ್ಪೀಲ್‌ಬರ್ಗ್‌ನ ‘ಇ.ಟಿ.’ ಜನರ ಮನಸ್ಸನ್ನು ಸೂರೆಗೊಂಡಿತ್ತು. ಮುದ್ದಾದ ಅನ್ಯಗ್ರಹವಾಸಿಯನ್ನು ಕಂಡವರಿಗೆ ಮಳೆ, ಕತ್ತಲೆ, ಸಾವಿನ ಈ ಚಿತ್ರ ರುಚಿಸಲಿಲ್ಲ. 1990ರಲ್ಲಿ ಲಾಸ್ ಏಂಜಲೀಸ್‌ನ ಒಂದು ಚಿತ್ರಮಂದಿರದಲ್ಲಿ ಹಳೆಯ ಪ್ರತಿಯೊಂದು ಅಕಸ್ಮಾತ್ ತೆರೆ ಕಂಡಿತು. ವಿವರಣೆಯ ಕಾಟವಿಲ್ಲದ ಆ ರೂಪವನ್ನು ಜನ ಮೆಚ್ಚಿದರು. 1992ರಲ್ಲಿ ಪರಿಷ್ಕೃತ ಆವೃತ್ತಿ, 2007ರಲ್ಲಿ ಅಂತಿಮ ಆವೃತ್ತಿ ಹೊರಬಂದವು.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಮೂರು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು ಖರ್ಚಿನ ಸದ್ದು. ‘ಜನರಲ್’, ‘ಮೆಟ್ರೊಪೊಲಿಸ್’, ‘ಶೋಲೆ’, ‘ಬ್ಲೇಡ್ ರನ್ನರ್’ ನಾಲ್ಕೂ ತಮ್ಮ ಕಾಲಕ್ಕೆ ದುಂದುವೆಚ್ಚದ ಚಿತ್ರಗಳೆಂದು ಬಿಡುಗಡೆಗೆ ಮೊದಲೇ ಹೆಸರು ಪಡೆದಿದ್ದವು. ಜನ ತೂಗಿದ್ದು ಚಿತ್ರವನ್ನಲ್ಲ, ಅದರ ಲೆಕ್ಕಪುಸ್ತಕವನ್ನು. ಎರಡನೆಯದು ನಿರೀಕ್ಷೆಯ ಅಳತೆಗೋಲು. ಕೀಟನ್ ನಗಿಸುತ್ತಾನೆಂದು ಬಂದವರಿಗೆ ಆತ ಬೆರಗುಗೊಳಿಸಿದ್ದು ಕೊರತೆಯಾಗಿ ಕಂಡಿತು. ಮೂರನೆಯದು ಬೆವರು ಕಾಣದ ಕೆಲಸ. ದುಃಖದ ದೃಶ್ಯದಲ್ಲಿ ನಟನ ಶ್ರಮ ಕಣ್ಣೀರಾಗಿ ಕಾಣುತ್ತದೆ. ನಗೆಯಲ್ಲಿ, ಸಾಹಸದಲ್ಲಿ ಶ್ರಮ ಕಂಡರೆ ದೃಶ್ಯವೇ ಸೋತಂತೆ. ಕಾಣದಿದ್ದರೆ ‘ಇದರಲ್ಲೇನಿದೆ’ ಎನ್ನಿಸುತ್ತದೆ. ಅತ್ತರೂ ಕಷ್ಟ, ನಕ್ಕರೂ ಕಷ್ಟ ಎನ್ನುವುದು ಈ ಕಲಾವಿದರ ಪಾಡು.

ಹಾಗೆಂದು ಮೊದಲ ವಾರ ಸೋತ ಚಿತ್ರಗಳೆಲ್ಲ ಮುತ್ತುಗಳೆಂದು ಭಾವಿಸಬೇಕಿಲ್ಲ. ಸೋತವುಗಳಲ್ಲಿ ಹೆಚ್ಚಿನವು ಸೋಲಲು ತಕ್ಕವೇ ಆಗಿದ್ದವು. ವಿಮರ್ಶಕರನ್ನು ದೂರಿ ಪ್ರಯೋಜನವೂ ಇಲ್ಲ. ಕೀಟನ್ನನನ್ನು ಮರೆವಿನಿಂದ ಎತ್ತಿ ತಂದದ್ದರಲ್ಲಿ 1949ರಲ್ಲಿ ‘ಲೈಫ್’ ಪತ್ರಿಕೆಗೆ ವಿಮರ್ಶಕ ಜೇಮ್ಸ್ ಏಜಿ ಬರೆದ ಲೇಖನದ ಪಾಲು ದೊಡ್ಡದು. ಮೊದಲ ಅಭಿಪ್ರಾಯ ತಪ್ಪಾಗಬಹುದು, ಅದು ಮನುಷ್ಯಸಹಜ. ಅದೇ ಕೊನೆಯ ಅಭಿಪ್ರಾಯವಾದಾಗ ಮಾತ್ರ ಅನಾಹುತ.

ಇಂದು ಈ ಅಪಾಯ ಹೆಚ್ಚಿದೆ. ಮೊದಲ ಪ್ರದರ್ಶನ ಮುಗಿಯುವ ಮುನ್ನವೇ ಅಭಿಪ್ರಾಯ ಫೋನಿನಿಂದ ಫೋನಿಗೆ ಹಾರುತ್ತದೆ. 2024ರಲ್ಲಿ ತಮಿಳು ನಿರ್ಮಾಪಕರು ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿ, ಬಿಡುಗಡೆಯ ಮೊದಲ ಮೂರು ದಿನ ವಿಮರ್ಶೆಗೆ ತಡೆ ಬೇಕೆಂದು ಕೇಳಿದರು. ನ್ಯಾಯಾಲಯ ತಡೆ ಕೊಡಲಿಲ್ಲ, ಕೊಡದಿದ್ದುದೇ ಸರಿ. ಕಾಸು ಕೊಟ್ಟು ನೋಡಿದವನ ಬಾಯಿ ಕಟ್ಟುವ ಹಕ್ಕು ಯಾರಿಗೂ ಇಲ್ಲ. ಮಾತನ್ನು ತಡೆಯುವುದು ಮದ್ದಲ್ಲ. ಚಿತ್ರ ಉಳಿಯುವಂತೆ ನೋಡಿಕೊಳ್ಳುವುದು ಮದ್ದು.

ಪುಣೆಯಲ್ಲಿ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಈ ಗುಟ್ಟನ್ನು ಅರಿತಿದ್ದರು. ಒಳ್ಳೆಯದು ಕೆಟ್ಟದ್ದು ಎಂದು ಆರಿಸದೆ ಸಿಕ್ಕಿದ್ದನ್ನೆಲ್ಲ ಕೂಡಿಡಬೇಕು ಎಂಬುದು ಅವರ ನಿಲುವಾಗಿತ್ತು. ಫಾಲ್ಕೆಯವರ ಚಿತ್ರಗಳ ಅಳಿದುಳಿದ ರೀಲುಗಳು ಇಂದು ನಮಗೆ ನೋಡಸಿಗುವುದು ಅಂಥವರ ಹಟದಿಂದ. ನಮ್ಮ ಕಾಲದ ಹೊಡೆದಾಟ, ಹಾಸ್ಯ, ವಿಜ್ಞಾನ ಕಲ್ಪನೆಯ ಚಿತ್ರಗಳ ಬಗ್ಗೆ ನಾವು ಏನು ಬೇಕಾದರೂ ಹೇಳೋಣ, ಬೈಯೋಣ, ನಗೋಣ. ಆದರೆ ನಮ್ಮ ಮೊಮ್ಮಕ್ಕಳಿಗೆ ನಮ್ಮ ಅಭಿಪ್ರಾಯ ಮಾತ್ರ ಸಿಕ್ಕಿ ಚಿತ್ರ ಸಿಗದೆ ಹೋದರೆ, ನಾವು ಹೇಳಿದ್ದು ಸರಿಯೇ ತಪ್ಪೇ ಎಂದು ನೋಡುವ ದಾರಿಯೇ ಅವರಿಗೆ ಇರುವುದಿಲ್ಲ.